ಎಮ್ಮೆ ಅಕ್ಷರ

ನಮ್ಮೂರಲ್ಲಿ ಮಾತು ಮೂರು ಮಾರಿನಾಚೆ ಹೋಗುವುದಿಲ್ಲ. ಮಾತೊಂದೇ ಅಲ್ಲ, ಗಂಟೆ, ಡೋಲು, ನಾಯಿ ಬೊಗಳಿದ್ದು, ಮಗು ಅತ್ತದ್ದು, ಎಲ್ಲದರ ಓಟವೂ ಅಷ್ಟೇ. ಮಿಂಚನ್ನು ಎಲ್ಲರೂ ಕಂಡಿದ್ದೇವೆ, ಗುಡುಗನ್ನು ಕೇಳಿದವರು ಯಾರೂ ಇಲ್ಲ. ಮದುವೆ ಮನೆಯಲ್ಲಿ ಓಲಗದವರ ಮುಂದೆ ಜನ ಸರದಿಯಲ್ಲಿ ಕೂತು ಕೇಳಿ, ಮುಂದಿನವರಿಗೆ ಜಾಗ ಬಿಟ್ಟು ಊಟಕ್ಕೆ ಏಳುತ್ತಾರೆ. ಜಗಳ ಆಡಬೇಕೆಂದರೂ ಬೀದಿ ದಾಟಿ ಹತ್ತಿರ ಹೋಗಬೇಕು. ಹೋಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ತಿಂಗಳು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಆಮೇಲೆ ಅವರೂ ಹಲಗೆ ಎತ್ತುತ್ತಾರೆ.

ಹಲಗೆಯೇ ನಮ್ಮ ಗಂಟಲು. ಸೊಪ್ಪಿನವಳು ತಲೆಯ ಮೇಲೆ ಬುಟ್ಟಿ ಹೊತ್ತು, ಬೆನ್ನಿಗೆ 'ಸೊಪ್ಪು' ಎಂಬ ಹಲಗೆ ಕಟ್ಟಿಕೊಂಡು ಬರುತ್ತಾಳೆ. ಆಡಲು ಹೋದ ಮಕ್ಕಳನ್ನು ಕರೆಯಲು ತಾಯಂದಿರು ಮಾಳಿಗೆಯ ಮೇಲೆ ಹೆಸರಿನ ಹಲಗೆ ನಿಲ್ಲಿಸುತ್ತಾರೆ. ಹೆರಿಗೆ, ಸಾವು, ಹಾವು, ಬೆಂಕಿ, ಒಂದೊಂದಕ್ಕೂ ಒಂದೊಂದು ಹಲಗೆ ಓಣಿಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಇವನ್ನೆಲ್ಲ ಬರೆಯುವುದು ಹಲಗೆ ಕಚೇರಿ. ಬೇರೆ ಯಾರೂ ಬರೆಯುವಂತಿಲ್ಲ. ಹಿಂದೆ ಮನೆಗೊಂದು ಥರ ಬರೆದು ಊರೆಲ್ಲ ಗೊಂದಲವಾಗಿತ್ತಂತೆ, ಅದಕ್ಕೆ ಊರ ಸಭೆ ಹಾಗೊಂದು ಕಟ್ಟಳೆ ಮಾಡಿತ್ತು. ನಾನು, ಚಂಪಕ, ಆ ಕಚೇರಿಯಲ್ಲಿ ಹನ್ನೊಂದು ವರ್ಷ ಕುಂಚ ಹಿಡಿದವಳು. ಆದರೆ ಹೇಳಹೊರಟಿರುವುದು ನನ್ನ ಕಥೆಯಲ್ಲ, ಕಾಳಮ್ಮನದು.

ಮೊದಲು ವಾಮನರಾಯರ ಬಗ್ಗೆ ಎರಡು ಮಾತು ಹೇಳಬೇಕು. ಕಚೇರಿಗೆ ಅವರೇ ಹಿರಿಯರು, ನಮಗೆಲ್ಲ ಗುರುಗಳು. ಅವರ ಅಕ್ಷರ ಬಳ್ಳಿಯ ಹಾಗೆ. ತೆಳ್ಳಗೆ ಎದ್ದು, ತಿರುವಿನಲ್ಲಿ ತುಸು ತುಂಬಿಕೊಂಡು, ಮತ್ತೆ ಕೂದಲೆಳೆಯಾಗಿ ಮುಗಿಯುತ್ತಿತ್ತು. ಸತ್ತವರ ಹೆಸರನ್ನು ಅವರು ಬರೆದರೆ ಮನೆಯವರು ಆ ಹಲಗೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಹಾಗೆ ಬರೆಯಲು ಬರುವವರೆಗೂ ನಾನು ನಾಲ್ಕು ವರ್ಷ ಬರೀ ತಲೆಕಟ್ಟು ತಿದ್ದಿದ್ದೆ.

ಊರ ಪೂರ್ವಕ್ಕೆ ಒಂದು ಕೊರಕಲು, ಅದರಾಚೆ ಕಲ್ಲಿನ ಕ್ವಾರಿ. ಅದರ ತಳದಲ್ಲಿ ಮದ್ದು ಇಟ್ಟು ಬಂಡೆ ಸಿಡಿಸುವ ಮುಂಚೆ ಮೇಸ್ತ್ರಿ ಬಾಷಾಸಾಬರು ಕೊರಕಲಿನ ಈಚೆ ದಡದಲ್ಲಿ 'ತಡೆ' ಎಂಬ ಹಲಗೆ ನಿಲ್ಲಿಸುತ್ತಿದ್ದರು. ಆಚೆ ಮೆಟ್ಟಿಲುಮೆಟ್ಟಿಲಾದ ಬಂಡೆಗಳ ಮೇಲಿದ್ದ ಆಳುಗಳು ಅದನ್ನು ಓದಿ ಇದ್ದಲ್ಲೇ ನಿಲ್ಲುತ್ತಿದ್ದರು. ಎಲ್ಲ ಮುಗಿದ ಮೇಲೆ 'ನಡೆ' ಹಲಗೆ. ಎರಡೂ ನಾನು ಬರೆದವೇ. ಆ ವರ್ಷ ಬೇಸಗೆ ಏರುವ ಹೊತ್ತಿಗೆ, ಕಲ್ಲಿನ ಧೂಳು ಗಾಳಿಯಲ್ಲಿ ನಿಂತಿದ್ದ ಒಂದು ಬೆಳಿಗ್ಗೆ, ವೀರಾಚಾರಿ ಎಂಬ ಕಲ್ಲುಕುಟಿಗ 'ತಡೆ'ಯನ್ನು 'ನಡೆ' ಎಂದು ಓದಿ ಕೆಳಗಿಳಿದ. ಯಾವಾಗಲೂ ಮೊದಲು ಇಳಿಯುವವನು ಅವನೇ. ಹಿಂದಿದ್ದವರು ಕೂಗಿದರು, ಕೂಗಿ ಏನು ಪ್ರಯೋಜನ? ಬಂಡೆ ಸದ್ದಿಲ್ಲದೆ ಎದ್ದು ಸದ್ದಿಲ್ಲದೆ ಬಿತ್ತು. ಎಡಗಾಲು ಮೊಣಕಾಲಿನ ಕೆಳಗೆ ನುಜ್ಜಾಗಿ, ವೈದ್ಯರು ಅದನ್ನು ತೆಗೆಯಬೇಕಾಯಿತು.

ಆ ವೀರಾಚಾರಿಯ ಹೆಂಡತಿ ಕಾಳಮ್ಮ. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಮಾತು ಕಡಿಮೆ. ತವರಿನ ಕಡೆ ಮರಗೆಲಸ. ಬಾಗಿಲು, ತೊಟ್ಟಿಲು, ಮಣೆ ಮಾಡುವುದರಲ್ಲಿ ಗಂಡಸರನ್ನು ಮೀರಿಸಿದ ಕೈ. ಗಂಡ ಎದ್ದು ಕೂರುವಂತಾದ ಮೇಲೆ ಒಂದು ದಿನ ಅವಳು ಆ 'ತಡೆ' ಹಲಗೆಯನ್ನೇ ಸೊಂಟದ ಮೇಲೆ ಹೊತ್ತು ಕಚೇರಿಗೆ ಬಂದಳು.

"ಇದನ್ನ ಓದಿ ಸ್ವಾಮಿ," ಅಂದಳು ರಾಯರಿಗೆ.

"ತಡೆ ಅಂತ ಇದೆಯಮ್ಮಾ. ಎಷ್ಟು ಸ್ಪಷ್ಟವಾಗಿದೆ. ನಿನ್ನ ಗಂಡನಿಗೆ ಆದದ್ದಕ್ಕೆ ನನಗೂ ಸಂಕಟ ಇದೆ. ಆದರೆ ಅಕ್ಷರದಲ್ಲಿ ತಪ್ಪು ಹುಡುಕಬೇಡ."

"ನೀವು ಓದಿದ್ದು ಎರಡು ಮೊಳದಿಂದ. ಅವರು ಓದಿದ್ದು ಮುನ್ನೂರು ಹೆಜ್ಜೆಯಿಂದ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಕಾದರೆ ಕೆಂಪು ಬಾವುಟ ಕಟ್ಟಿಸುತ್ತೇನೆ ಅಂದರು. "ಎರಡು ಮಾತಿಗೆ ಎರಡು ಬಾವುಟ ಸರಿ," ಅಂದಳು ಕಾಳಮ್ಮ. "ನಿನ್ನ ಮಗಳಿಗೆ ನೋವು ಬಂದಿದೆ, ಬೇಗ ಬಾ ಅನ್ನೋಕೆ ಯಾವ ಬಣ್ಣ?" ಹಾಗಾದರೆ 'ತಡೆ' ಬದಲು ಬೇರೆ ಶಬ್ದ ಹಾಕೋಣ ಅಂದರು. "ಶಬ್ದ ಬದಲಾಯಿಸ್ತಾ ಹೋದ್ರೆ ಪ್ರತಿಯೊಂದು ಶಬ್ದಕ್ಕೂ ಒಂದೊಂದು ಕಾಲು ಕೊಡಬೇಕಾಗ್ತದೆ. ಬದಲಾಗಬೇಕಾದ್ದು ಅಕ್ಷರ."

ರಾಯರು ಎದ್ದು ಒಳಗೆ ಹೋದರು. ಸಂಜೆ ನಾನು ಕಚೇರಿಯಿಂದ ಹೊರಬಿದ್ದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. "ಇದನ್ನ ಬರೆದವಳು ನೀನೇ ಅಂತೆ," ಅಂದಳು. "ನೀನು ಬರಿಯೋದು ಬಲ್ಲೆ, ನಾನು ಕೆತ್ತೋದು ಬಲ್ಲೆ. ನಾಳೆ ಕೆಲಸ ಮುಗಿಸ್ಕೊಂಡು ಮನೆಗೆ ಬಾ." ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಆ ಕರೆಯನ್ನು ಹೇಗೆ ತಗೊಳ್ಳಬೇಕೋ ತಿಳಿಯಲಿಲ್ಲ. ಹೋದೆ.

ದಪ್ಪ ಬರೆದರೆ ದೂರಕ್ಕೆ ಕಾಣುತ್ತದೆ ಎಂದು ಇಬ್ಬರೂ ಅಂದುಕೊಂಡಿದ್ದೆವು. ನಾನು ಇದ್ದಿಲಿನಿಂದ ಅಂಗೈ ಅಗಲದ ಗೆರೆಗಳಲ್ಲಿ 'ತ' ಬರೆದೆ, 'ನ' ಬರೆದೆ. ಅವಳು ಹಲಸಿನ ಹಲಗೆಯಲ್ಲಿ ಕೊರೆದು, ಕಪ್ಪು ಬಳಿದು, ಸುಣ್ಣದ ಗೋಡೆಗೆ ಆನಿಸಿ ನಿಲ್ಲಿಸಿದಳು. ವೀರಾಚಾರಿಯನ್ನು ಮಂಚದ ಸಮೇತ ಎತ್ತಿಸಿ ಹೊಲದ ಆ ಬದುವಿಗೆ, ಸರಿಯಾಗಿ ಮುನ್ನೂರು ಹೆಜ್ಜೆಗೆ, ಕೂರಿಸಿದೆವು. ಅಲ್ಲಿಂದ ಕೂಗಲು ಆಗದಲ್ಲ, ಕೈಗೆ ಒಂದು ಸ್ಲೇಟು ಕೊಟ್ಟೆವು. ಓದಿದ್ದನ್ನು ಬರೆದು ಎತ್ತಿ ಹಿಡಿಯಬೇಕು, ನಾನು ಅವನಿಂದ ಸ್ವಲ್ಪ ಈಚೆ ನಿಂತು ಅದನ್ನು ಓದಿ, ಬಂದು ಕಾಳಮ್ಮನಿಗೆ ಹೇಳಬೇಕು. ಅವನು ಬರೆದದ್ದು: 'ಎರಡು ಅಚ್ಚು ಬೆಲ್ಲ'.

ನಿಜವೇ. ಗೆರೆ ದಪ್ಪವಾದಂತೆ ಅಕ್ಷರದ ಹೊಟ್ಟೆ ಮುಚ್ಚಿಕೊಂಡಿತ್ತು. 'ತ'ಕ್ಕೂ 'ನ'ಕ್ಕೂ ಒಂದೇ ತಲೆಕಟ್ಟು, ಹೆಚ್ಚುಕಡಿಮೆ ಒಂದೇ ಮೈ. ಕೆಳಗೆ ಸುತ್ತಿಕೊಳ್ಳುವ ರೀತಿಯಲ್ಲಷ್ಟೇ ವ್ಯತ್ಯಾಸ. ಆ ಸುತ್ತೇ ಮುಚ್ಚಿಹೋದರೆ ಉಳಿಯುವುದೇನು? ಹೊಟ್ಟೆ ಅಗಲಿಸಿದೆವು, 'ಕಂಬಳಿಹುಳ' ಎಂದು ಬರೆದ. ಎತ್ತರ ಹೆಚ್ಚಿಸಿದೆವು, 'ಕಂಬಳಿಹುಳ ಎದ್ದು ನಿಂತಿದೆ' ಎಂದ. ಆ ಮನುಷ್ಯ ಒಂದು ದಿನವೂ ಸುಳ್ಳು ಸಮಾಧಾನ ಹೇಳಲಿಲ್ಲ. "ತಪ್ಪು ಓದಿದವನು ನಾನು," ಅನ್ನುತ್ತಿದ್ದ ಮಂಚದ ಮೇಲಿಂದ. "ನಾನು ಸರಿ ಓದೋವರೆಗೂ ಯಾರೂ ಮುಗೀತು ಅನ್ನಬೇಡಿ." ಕಾಳಮ್ಮ ಕೆಟ್ಟ ಅಕ್ಷರಗಳನ್ನು ಒಲೆಗೆ ಹಾಕಿ, ಅದರ ಮೇಲೇ ಅನ್ನ ಮಾಡಿ, ಮಾರನೆಯ ದಿನ ಮತ್ತೆ ಉಳಿ ಹಿಡಿಯುತ್ತಿದ್ದಳು.

ದಾರಿ ತೋರಿಸಿದ್ದು ಊರುಗೋಲು. ವೀರಾಚಾರಿಗೆ ಅವಳು ಮಾಡಿಕೊಟ್ಟ ಊರುಗೋಲಿನ ತುದಿ ಹೊಲದ ಮಣ್ಣಲ್ಲಿ ಹೂತುಕೊಳ್ಳುತ್ತಿತ್ತು. ಒಂದು ದಿನ ಅದರ ಕೆಳಗೆ ಚೌಕಾಕಾರದ ಮರದ ತುಂಡೊಂದನ್ನು ಬಡಿದಳು. ಅವನು ಅದನ್ನು ಊರಿ ನಿಂತ; ಅಲ್ಲಾಡಲಿಲ್ಲ. ಕಾಳಮ್ಮ ಆ ತುಂಡನ್ನೇ ನೋಡುತ್ತ ಕೊಡತಿ ಕೆಳಗಿಟ್ಟಳು.

"ಚಂಪಾ, ನಿಮ್ಮ ರಾಯರ ಗೆರೆ ಎಲ್ಲಿ ಮುಗೀತದೆ?"

"ಮುಗಿಯೋದೇ ಗೊತ್ತಾಗಬಾರದು ಅಂತ ಕಲಿಸಿದ್ದಾರೆ ಅಕ್ಕಾ. ಗಾಳಿಯಲ್ಲಿ ಕರಗಬೇಕು."

"ಅದೇ ಮತ್ತೆ. ದೂರದಿಂದ ನೋಡೋರಿಗೆ ಗೆರೆ ಇಲ್ಲಿಗೆ ಮುಗೀತು ಅಂತ ಹೊಡೆದು ಹೇಳಬೇಕು. ಪ್ರತಿಯೊಂದು ತುದಿಗೂ ಒಂದು ಪಾದ ಇಡೋಣ."

ಅಂದಿನಿಂದ ನಮ್ಮ ಅಕ್ಷರಗಳಿಗೆ ಪಾದ ಬಂತು. ಬಳ್ಳಿಯಂತೆ ಬಾಗುತ್ತಿದ್ದ ತಲೆಕಟ್ಟು ಮನೆಯ ತೊಲೆಯಂತೆ ನೆಟ್ಟಗಾಯಿತು. ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆಯಷ್ಟೇ ದಪ್ಪದ ಚೌಕದ ದಿಮ್ಮಿ. ಒಳಕ್ಕೆ ಸುತ್ತಿ ನಿಂತ 'ತ'ದ ಪಾದ ಒಂದು ಕಡೆ, ಬಾಲ ಎತ್ತಿದ 'ನ'ದ ಪಾದ ಇನ್ನೊಂದು ಕಡೆ. ಪಾದ ಇದ್ದುದರಿಂದ ಇನ್ನೊಂದು ಅನುಕೂಲವೂ ಆಯಿತು: ನಡುವೆ ಕಾಲುವೆಯಂತೆ ತೋಡಿದ ಉದ್ದನೆಯ ಮರದ ಪಟ್ಟಿಯೊಂದರಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಸಿಕ್ಕಿಸಿ ಬೇಕಾದ ಮಾತು ಕಟ್ಟಬಹುದು, ಕಿತ್ತು ಇನ್ನೊಂದು ಮಾತು ಕಟ್ಟಬಹುದು. ಒತ್ತಕ್ಷರ ಮಾತ್ರ ನಮ್ಮನ್ನು ಮೂರು ವಾರ ಅಳಿಸಿತು. 'ಅಮ್ಮ' ಎಂದರೆ ಕೆಳಗಿನ 'ಮ'ಕ್ಕೆ ಜಾಗವೆಲ್ಲಿ? ಕೊನೆಗೆ ಅದಕ್ಕೂ ಅದರದೇ ಪಾದ ಕೊಟ್ಟು, ಕೆಳಗೆ ಇನ್ನೊಂದು ಪಟ್ಟಿ ಕಟ್ಟಿ, ಅಲ್ಲಿ ಕೂರಿಸಿದಳು.

ಓಣಿಯವರು ಬಂದು ನೋಡತೊಡಗಿದರು. ಸೊಪ್ಪಿನ ತಿಮ್ಮಕ್ಕ ಹಟ ಹಿಡಿದು 'ಸೊಪ್ಪು' ಎಂದು ಕೆತ್ತಿಸಿಕೊಂಡಳು. ಕೆರೆ ಏರಿಯ ಮೇಲಿಂದಲೇ ತಿಮ್ಮಕ್ಕ ಬಂದಳೆಂದು ಗೊತ್ತಾಗಿ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಎರಡೇ ದಿನ, ಮೂರನೆಯ ದಿನ ಕಚೇರಿಯವರು ಅವಳ ಹಲಗೆ ಕಿತ್ತುಕೊಂಡರು. ರಾಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಅಕ್ಷರವೋ ಎಮ್ಮೆಯೋ?" ಎಂದರು. ಅಲ್ಲಿಂದ ಆ ಹೆಸರೇ ನಿಂತಿತು. ಕಾಳಮ್ಮನಿಗೆ ಬೇಸರವಾಗಲಿಲ್ಲ. "ಎಮ್ಮೆ ರಸ್ತೆಗೆ ಅಡ್ಡ ನಿಂತ್ರೆ ಯಾರೂ ಹಸು ಅನ್ಕೊಂಡು ಹೋಗಲ್ಲ. ಒಳ್ಳೆ ಹೆಸರು," ಅಂದಳು.

ಆದರೂ ಕೆಲಸ ಮುಗಿದಿರಲಿಲ್ಲ. ವೀರಾಚಾರಿ ಹತ್ತು ಸಲ ನೋಡಿದರೆ ಎಂಟು ಸಲ ಸರಿ ಓದುತ್ತಿದ್ದ, ಎರಡು ಸಲ ತಪ್ಪುತ್ತಿದ್ದ. ಹತ್ತಕ್ಕೆ ಎಂಟು ಸಾಕೆಂದು ಯಾರೂ ಬಾಯಿಬಿಡಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ವಾಮನರಾಯರೇ ಕೊಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತರು. ನನ್ನನ್ನು ಅಲ್ಲಿ ಕಂಡು ಮುಖ ಬಿಗಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಂದದ್ದು ಬೈಯುವುದಕ್ಕೇ ಇರಬೇಕು. ಆದರೆ ಗೋಡೆಗೆ ಆನಿಸಿದ್ದ 'ತ'ದ ಮೇಲೆ ಅವರ ಕಣ್ಣು ಬಿತ್ತು. ಬಿದ್ದದ್ದು ಏಳಲಿಲ್ಲ.

"ಎಲ್ಲ ಕಡೆ ಒಂದೇ ದಪ್ಪ ಇಟ್ಟಿದ್ದೀರಲ್ಲ," ಎಂದರು ಸಿಟ್ಟಿನಿಂದ. "ಎರಡು ಗೆರೆ ಕೂಡೋ ಕಡೆ ಕಪ್ಪು ಗಂಟು ಕಟ್ಟುತ್ತದೆ. ಅಲ್ಲಿ ದಪ್ಪವನ್ನು ಕದಿಯಬೇಕು. ನೋಡೋರಿಗೆ ಕದ್ದದ್ದು ತಿಳಿಯಬಾರದು." ಕೊಡೆಯನ್ನು ನನ್ನ ಕೈಗೆ ಕೊಟ್ಟು, ಇದ್ದಿಲು ತೆಗೆದುಕೊಂಡು ಮೂರು ಕಡೆ ಚಿಕ್ಕ ಗುರುತು ಹಾಕಿದರು. "ಇಲ್ಲಿ, ಇಲ್ಲಿ, ಇಲ್ಲಿ. ಉಳಿಯ ಮೊನೆಯಷ್ಟು ಸೀಳಿ ಬೆಳಕು ಬಿಡಿ."

ಕಾಳಮ್ಮ ಆಗಲೇ ಉಳಿ ಹಿಡಿದು ಕೂತಿದ್ದಳು. ಮೂರು ಕಡೆಯೂ ಸೀಳಿದಳು. ಬದುವಿನ ಮೇಲೆ ವೀರಾಚಾರಿ ಹತ್ತಕ್ಕೆ ಹತ್ತು ಸರಿ ಬರೆದ. ನಾವು ಅಕ್ಷರ ಬದಲಿಸಿ, ತಿರುಗಿಸಿ, ಧೂಳು ತೂರಿ ನಿಲ್ಲಿಸಿದೆವು, ಇಪ್ಪತ್ತಕ್ಕೆ ಇಪ್ಪತ್ತು. ಅವನು ಇಪ್ಪತ್ತೊಂದನೆಯ ಸಲ 'ಸಾಕು, ಬಿಸಿಲು' ಎಂದು ಬರೆದು ತೋರಿಸಿದ.

ರಾಯರು ಕೊಡೆ ವಾಪಸು ಪಡೆದರು. "ನಾನು ಸಭೆಯಲ್ಲಿ ಇದನ್ನು ವಿರೋಧಿಸುವವನೇ. ಅಕ್ಷರ ಅಂದರೆ ಬರೀ ಕಂಡರೆ ಸಾಲದು, ಚಂದ ಇರಬೇಕು. ಇವತ್ತು ಬಂದದ್ದು ಬೇರೆ ವಿಷಯ."

"ವಿರೋಧಿಸಿ ಸ್ವಾಮಿ," ಅಂದಳು ಕಾಳಮ್ಮ. "ಮಜ್ಜಿಗೆ ಕುಡಿದು ಹೋಗಿ." ಕುಡಿದು ಹೋದರು.

ನಮ್ಮ ಊರ ಸಭೆ ಎಂದರೆ ಸುತ್ತುಸುತ್ತಾಗಿ ಕೂರುವ ಜನ. ಮಾತಾಡುವವರು ನಡುವೆ ನಿಲ್ಲಬೇಕು. ಮೊದಲ ಸುತ್ತಿನವರು ಕೇಳಿ ಹಿಂದಿನವರಿಗೆ ಹೇಳುತ್ತಾರೆ, ಅವರು ಅವರ ಹಿಂದಿನವರಿಗೆ. ಕಾಳಮ್ಮ ಎಮ್ಮೆ ಅಕ್ಷರಕ್ಕೆ ಒಪ್ಪಿಗೆ ಕೇಳಲು ನಿಂತ ದಿನ ಹತ್ತು ಸುತ್ತು ಜನ ಸೇರಿದ್ದರು. ರಾಯರು ಹೇಳಿದಂತೆಯೇ ವಿರೋಧಿಸಿದರು. ಸರಸ್ವತಿಯ ಕಾಲಿಗೆ ಗೊರಸು ಕಟ್ಟಿದ ಹಾಗಾಯಿತು ಎಂದು ಒಬ್ಬ ಹಿರಿಯರು ಅಂದರು. ಒಬ್ಬ ತಪ್ಪು ಓದಿದ್ದಕ್ಕೆ ಊರೆಲ್ಲ ಅಕ್ಷರ ಬದಲಿಸಬೇಕೇ ಎಂದು ಇನ್ನೊಬ್ಬರು. ಕಾಳಮ್ಮ ಎಲ್ಲರ ಮಾತು ಮುಗಿಯುವವರೆಗೂ ಕಾದು, ಒಂದೇ ಕೇಳಿದಳು: "ಕಚೇರಿಯಿಂದ ಯಾರಾದ್ರೂ ಕೊರಕಲು ದಾಟಿ ಹೋಗಿ ಆ ಹಲಗೆ ನೋಡಿದ್ದೀರಾ?"

ರಾಯರು ನೆಲ ನೋಡಿದರು. ಅವರು ನೋಡಿರಲಿಲ್ಲ. ನಾನು ನೋಡಿದ್ದೆ.

ಎದ್ದು ನಡುವಿಗೆ ಹೋದೆ. "ನಾನು ನೋಡಿದ್ದೀನಿ," ಎಂದೆ. "ಎರಡು ವರ್ಷದ ಹಿಂದೆ, ಹೊಸ ಹಲಗೆ ನಿಲ್ಲಿಸಿದ ದಿನ, ಆಚೆ ದಡಕ್ಕೆ ಹೋಗಿ ತಿರುಗಿ ನೋಡಿದೆ. ಬರೆದವಳು ನಾನೇ, ಆದರೂ ಅದು ತಡೆಯೋ ನಡೆಯೋ ನನಗೆ ಓದೋಕೆ ಆಗಲಿಲ್ಲ. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ. ಗುರುಗಳ ಅಕ್ಷರದಲ್ಲಿ ದೋಷ ಅನ್ನೋಕೆ ಧೈರ್ಯ ಬರಲಿಲ್ಲ. ಯಾರಿಗೂ ಹೇಳಲಿಲ್ಲ."

ನನ್ನ ಮಾತು ಮೊದಲ ಸುತ್ತಿನಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಹೋಗುವುದನ್ನು ನಾನು ನಿಂತು ನೋಡಿದೆ. ಒಂದೊಂದು ಸುತ್ತಿನಲ್ಲೂ ಮುಖಗಳು ಹಿಂದೆ ತಿರುಗಿ, ಮತ್ತೆ ನನ್ನತ್ತ ತಿರುಗುತ್ತಿದ್ದವು. ಕೊನೆಯ ಸುತ್ತಿನಲ್ಲಿ ವೀರಾಚಾರಿ ಊರುಗೋಲು ಅಡ್ಡ ಇಟ್ಟುಕೊಂಡು ಕೂತಿದ್ದ. ಅವನಿಗೆ ಹೇಳಲು ಪಕ್ಕದವನು ಹಿಂಜರಿದದ್ದೂ ಕಂಡಿತು; ಕೊನೆಗೆ ಬಗ್ಗಿ ಕಿವಿಯಲ್ಲಿ ಹೇಳಿದ. ವೀರಾಚಾರಿ ಬಹಳ ಹೊತ್ತು ನನ್ನನ್ನೇ ನೋಡಿದ. ತಿಂಗಳುಗಟ್ಟಲೆ ಅವನ ಮನೆಯ ಅನ್ನ ಉಂಡವಳು ನಾನು. ಆಮೇಲೆ ಸ್ಲೇಟು ತೆಗೆದು ಏನೋ ಗೀಚಿ ಎತ್ತಿ ಹಿಡಿದ. 'ಮುಂದೆ ಹೇಳು' ಎಂದಿತ್ತು.

ಮುಂದೆ ಹೇಳಿದೆ. ಬೆಲ್ಲದಚ್ಚು, ಪಾದ, ಪಟ್ಟಿ, ಇಪ್ಪತ್ತಕ್ಕೆ ಇಪ್ಪತ್ತು, ಎಲ್ಲ. ಮೂರು ಸೀಳು ಯಾರು ತೋರಿಸಿದ್ದೆಂಬುದನ್ನು ಮಾತ್ರ ಬಿಟ್ಟೆ. ಅದನ್ನು ರಾಯರೇ ಎದ್ದು ನಿಂತು ಹೇಳಿದರು. ಹೇಳಿಯೂ, "ನನ್ನ ಅಭಿಪ್ರಾಯ ಬದಲಾಗಿಲ್ಲ" ಎಂದು ಕೂತರು. ಸಭೆ ಒಪ್ಪಲಿಲ್ಲ. ನನ್ನನ್ನು ಕಚೇರಿಯ ಕೆಲಸದಿಂದ ತೆಗೆದದ್ದೂ ಆ ದಿನವೇ.

ಮನೆಗೆ ಹೋಗುವ ದಾರಿಯಲ್ಲಿ ಕಾಳಮ್ಮ ಪಕ್ಕದಲ್ಲೇ ನಡೆದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಆ ಹೊತ್ತು ಹೇಳಿದ್ದರೆ ಕಾಲು ಉಳೀತಿತ್ತು," ಅಂದಳು. ಅದನ್ನು ಅವಳು ಮೆತ್ತಗೆ ಮಾಡಿ ಹೇಳಲಿಲ್ಲ. ಒಂದಷ್ಟು ದೂರ ಹೋದ ಮೇಲೆ, "ಇವತ್ತು ಹೇಳಿದೆ. ನಾಳೆ ಬೆಳಿಗ್ಗೆಯಿಂದಲೇ ಬಾ, ಈಗ ಕಚೇರಿ ಇಲ್ವಲ್ಲ," ಅಂದಳು.

ಮಾರನೆಯ ದಿನ ಕ್ವಾರಿಯಲ್ಲಿ ಬಾಷಾಸಾಬರು ಆಳುಗಳನ್ನು ಕೆಳಗಿಳಿಸಲಿಲ್ಲ. "ಬರೆದ ಹೆಣ್ಣುಮಗಳಿಗೇ ಓದೋಕಾಗದ ಹಲಗೆ ನಂಬಿ ನಾನು ಅರವತ್ತೆರಡು ಜನರನ್ನ ಕಳಿಸಲ್ಲ," ಎಂದುಬಿಟ್ಟರು. ಅರವತ್ತೆರಡು ಜನರೂ ದಡದ ಮೇಲೆ ಸಾಲಾಗಿ ಕೂತರು. ಸಭೆಯವರು ಬಂದರು, ಗದರಿದರು, ಪುಸಲಾಯಿಸಿದರು. ಒಂದು ವಾರ ಕಲ್ಲು ಏಳಲಿಲ್ಲ. ಕಟ್ಟುತ್ತಿದ್ದ ಮನೆಗಳು, ಬಾವಿಗಳು ಅರ್ಧಕ್ಕೆ ನಿಂತವು. ಎಂಟನೆಯ ದಿನ ಸಭೆಯಿಂದ ಚೀಟಿ ಬಂತು: ಕ್ವಾರಿಗೆ ಮಾತ್ರ, ಎಮ್ಮೆ ಅಕ್ಷರ ಆಗಬಹುದು.

ಅಕ್ಷರಗಳನ್ನು ಗಾಡಿಯಲ್ಲಿ ಹೇರಿ ಕೊರಕಲಿನ ದಡಕ್ಕೆ ತಂದೆವು. ಎಳೆಬಿಸಿಲು, ಆದರೆ ಗಾಳಿಯ ತುಂಬ ಧೂಳು. ನಾನು ಕೈಯಾರೆ 'ತಡೆ' ಸಿಕ್ಕಿಸಿದೆ, ಕಾಳಮ್ಮ ಪಟ್ಟಿಗೆ ಬೆಣೆ ಬಡಿದಳು. ಆಚೆ ಬಂಡೆಗಳ ಮೇಲೆ ಆಳುಗಳು ಇರುವೆಗಳಂತೆ ಹರಡಿದ್ದರು. ಬಾಷಾಸಾಬರು ಹಲಗೆ ಎತ್ತಿಸಿದರು. ಮೇಲಿನ ಮೆಟ್ಟಿಲಿನವರು ನಿಂತರು. ನಡುವಿನವರು ನಿಂತರು. ತೀರ ದೂರದ ಮೂಲೆಯಲ್ಲಿ, ಮೊದಲೆಲ್ಲ ಯಾರಾದರೂ ಓಡಿಹೋಗಿ ಭುಜ ತಟ್ಟಿಯೇ ನಿಲ್ಲಿಸಬೇಕಾಗಿದ್ದ ಮೂಲೆಯಲ್ಲಿ, ಮೂವರು ಸುತ್ತಿಗೆ ಕೆಳಗಿಟ್ಟು ನಿಂತರು. ಅವರ ನಡುವೆ ಒಂದು ಕೊಡೆಯೂ ನಿಂತಿತ್ತು. ವಾಮನರಾಯರು ಯಾವಾಗ ದಾಟಿ ಹೋಗಿದ್ದರೋ ನಮಗೆ ತಿಳಿದಿರಲಿಲ್ಲ.

ಬತ್ತಿಗೆ ಬೆಂಕಿ ಇಟ್ಟರು. ಬಂಡೆ ಎದ್ದಿತು, ಬಿದ್ದಿತು. ಧೂಳು ಕೂರುವವರೆಗೂ ಕಾಳಮ್ಮ ನನ್ನ ಮೊಣಕೈ ಹಿಡಿದೇ ಇದ್ದಳು. ಹಿಡಿದ ಬೆರಳುಗಳ ಗುರುತು ಎರಡು ದಿನ ಉಳಿದಿತ್ತು. ಬಾಷಾಸಾಬರು ಎಣಿಸಿದರು. ಮತ್ತೆ ಎಣಿಸಿದರು. ಅರವತ್ತೆರಡು ಜನ, ಜೊತೆಗೆ ಒಂದು ಕೊಡೆ. ವೀರಾಚಾರಿ ಕಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಾಯರು ಕೊರಕಲು ಸುತ್ತಿಕೊಂಡು ಈಚೆ ಬಂದಾಗ ಬಿಸಿಲು ಏರಿತ್ತು. ಬೂಟಿನ ತುಂಬ ಕಲ್ಲುಪುಡಿ, ಮೀಸೆಯೆಲ್ಲ ಬಿಳಿ. ಅವರು ಕಾಳಮ್ಮನ ಮುಂದೆ ನಿಂತು ಉಸಿರು ಸುಧಾರಿಸಿಕೊಂಡು, "ಓದಿದೆ," ಎಂದರು. ಮೀಸೆಯ ಧೂಳು ಒರೆಸಿಕೊಳ್ಳುತ್ತ, "ಡೆಯ ಎತ್ವ ಪಕ್ಕದ ತಕಾರದ ತಲೆಕಟ್ಟಿಗೆ ಅಂಟಿಕೊಂಡ ಹಾಗೆ ಕಾಣ್ತದೆ," ಎಂದು ಸೇರಿಸಿದರು.

"ನೋಡ್ತೀನಿ," ಅಂದಳು ಕಾಳಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಗಾಡಿಯ ಕಡೆ ಹೆಜ್ಜೆ ಹಾಕುತ್ತ ನನ್ನತ್ತ ತಿರುಗಿದಳು. "ಚಂಪಾ, ಹಲಸಿನ ಹಲಗೆ ಇನ್ನೂ ನಾಲ್ಕು ಉಳಿದಿದಾವೆ. ನಾಳೆಯಿಂದ ಬ, ಭ ಹಿಡಿಯೋಣ."